ಬಿಸಿಲಿನಿಂದ ವಿದ್ಯುತ್: ಹಾಕಿಸುವ ಮುನ್ನ ತಿಳಿಯೋಣ

ನಮ್ಮ ಮನೆ, ಮದ್ರಸ, ಮಸೀದಿಗಳ ತಾರಸಿಯಲ್ಲಿ ಸೋಲಾರ್ ಫಲಕಗಳು ಕಾಣಿಸಿಕೊಳ್ಳುತ್ತಿವೆ. ದೊಡ್ಡ ಮೊತ್ತ ಕೈಬಿಡುವ ಮುನ್ನ ಅದು ಕೆಲಸ ಮಾಡುವ ಬಗೆಯನ್ನು ನಾವು ಅರಿತಿರಬೇಕು.

ಸೋಲಾರ್ ವಾಟರ್ ಹೀಟರ್ ಬಿಸಿಲಿನ ಶಾಖದಿಂದ ನೀರು ಕಾಯಿಸುತ್ತದೆ. ವಿದ್ಯುತ್ ಫಲಕಕ್ಕೆ ಬೇಕಾದುದು ಶಾಖವಲ್ಲ, ಬೆಳಕು. ಫಲಕದೊಳಗಿನ ತೆಳುವಾದ ಸಿಲಿಕಾನ್ ಬಿಲ್ಲೆಗಳ ಮೇಲೆ ಬೆಳಕು ಬಿದ್ದಾಗ ಇಲೆಕ್ಟ್ರಾನುಗಳು ಬಿಡುಗಡೆಗೊಂಡು ಒಂದೇ ದಿಕ್ಕಿಗೆ ಹರಿಯುತ್ತವೆ. ಇದು ಡಿ.ಸಿ. ವಿದ್ಯುತ್. ಇದನ್ನು ನಮ್ಮ ಫ್ಯಾನು, ಫ್ರಿಜ್ಜುಗಳಿಗೆ ಬೇಕಾದ ಎ.ಸಿ.ಯಾಗಿ ಬದಲಾಯಿಸುವುದು ಇನ್ವರ್ಟರ್. ಫಲಕ ತೀರಾ ಕಾದರೆ ಉತ್ಪಾದನೆ ತಗ್ಗುತ್ತದೆ. ಆದ್ದರಿಂದಲೇ ಅದರ ಕೆಳಗೆ ಗಾಳಿಯಾಡಲು ಜಾಗ ಬಿಡುತ್ತಾರೆ.

1 ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ಜಾಗ ಬೇಕು. ನಮ್ಮ ರಾಜ್ಯದ ಬಿಸಿಲಿನಲ್ಲಿ ಅದು ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ; ಮಳೆಗಾಲದಲ್ಲಿ ಇನ್ನೂ ಕಡಿಮೆ. ತೆಂಗಿನ ಗರಿಯದೋ ಮಿನಾರದ್ದೋ ನೆರಳು ಒಂದು ಮೂಲೆಗೆ ಬಿದ್ದರೂ ಇಳುವರಿ ಕುಸಿಯಬಹುದು.

ಮಸೀದಿಯನ್ನೇ ನೋಡಿ. ಝುಹರ್, ಅಸರ್ ನಮಾಝಿನ ವೇಳೆ ಫ್ಯಾನುಗಳು ಫಲಕದ ವಿದ್ಯುತ್ತಿನಿಂದಲೇ ತಿರುಗುತ್ತವೆ. ಫಜ್ರ್ ಮತ್ತು ಇಶಾಕ್ಕೆ ಬಿಸಿಲಿಲ್ಲ. ಆಗ ಬ್ಯಾಟರಿ ಬೇಕು; ಇಲ್ಲವೇ ಹಗಲು ಮಿಕ್ಕಿದ್ದನ್ನು ವಿದ್ಯುತ್ ಜಾಲಕ್ಕೆ ಕೊಟ್ಟು ರಾತ್ರಿ ಅಲ್ಲಿಂದ ಪಡೆಯಬೇಕು. ಈ ಎರಡನೆಯದಕ್ಕೆ ಆನ್‌ಗ್ರಿಡ್ ಎನ್ನುತ್ತಾರೆ. ಬ್ಯಾಟರಿ ಇಲ್ಲದ ಕಾರಣ ಇದು ಅಗ್ಗ. ಆದರೆ ಕರೆಂಟು ಹೋದರೆ ಸುಡುಬಿಸಿಲಲ್ಲೂ ಇದು ತಾನಾಗಿ ನಿಂತುಬಿಡುತ್ತದೆ. ದುರಸ್ತಿಗೆಂದು ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ತಾರಸಿಯ ವಿದ್ಯುತ್ ತಗಲಿ ಜೀವ ಹೋಗಬಾರದೆಂದೇ ಈ ವ್ಯವಸ್ಥೆ. ಕರೆಂಟು ಹೋದಾಗಲೂ ಬೆಳಕು ಬೇಕೆನ್ನುವವರು ಬ್ಯಾಟರಿಯಿರುವ ಹೈಬ್ರಿಡ್ ವ್ಯವಸ್ಥೆಯನ್ನೇ ಕೇಳಬೇಕು.

ಕೇಂದ್ರ ಸರಕಾರ 2024ರಲ್ಲಿ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ನಿಗದಿಯಾಯಿತು. ಇದು ಮನೆಗಳಿಗೆ ಮಾತ್ರ. ಮಸೀದಿ ಕಮಿಟಿಯವರು ಪೂರ್ಣ ವೆಚ್ಚವನ್ನೇ ಲೆಕ್ಕ ಹಿಡಿಯಬೇಕು. ಗೃಹಜ್ಯೋತಿಯಿಂದ ಬಿಲ್ಲೇ ಬಾರದ ಮನೆಗೆ ಸೋಲಾರ್‌ನಿಂದ ಸಿಗುವ ಉಳಿತಾಯ ಅಲ್ಪ. ಹೆಚ್ಚು ಬಳಸುವ ಮನೆಯವರೂ ದೊಡ್ಡದನ್ನೇ ಹಾಕಿಸಬೇಕೆಂದು ಬಡ್ಡಿ ಸಾಲಕ್ಕೆ ಕೈಚಾಚಬೇಕಿಲ್ಲ. ಕೈಯಲ್ಲಿರುವ ಹಣಕ್ಕೆ ತಕ್ಕಂತೆ 1 ಕಿಲೋವ್ಯಾಟ್‌ನಿಂದಲೂ ಶುರು ಮಾಡಬಹುದು. ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಮನೆಮಂದಿಯೆಲ್ಲ ಕೂತು ಲೆಕ್ಕ ಹಾಕೋಣ. ಫಲಕ ಮಾರುವವರನ್ನು ಕರೆಯುವುದು ಆಮೇಲಿನ ಕೆಲಸ.