ಹದಿನಾಲ್ಕನೇ ದಿನದ ಲೆಕ್ಕ

ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಖು ಎಲ್ಲ ಬಿಡಿಸಿ ಬರೆದಿರುತ್ತದೆ. ಮುಟ್ಟಿನ ತಾರೀಖಿಗೆ ಮಾತ್ರ ಪೆನ್ಸಿಲಿನ ಒಂದು ಚುಕ್ಕಿ. ಆ ಚುಕ್ಕಿಯಿಂದ ಹದಿನಾಲ್ಕು ದಿನ ಎಣಿಸಿ, ಅದರ ಆಚೀಚೆ ಎರಡು ದಿನ ದೂರವಿದ್ದರೆ ಮಿಕ್ಕಿದ್ದೆಲ್ಲ ‘ಸೇಫ್’ ಎಂದು ನಂಬಿದ ದಂಪತಿಗಳು ನಮ್ಮಲ್ಲಿ ಎಷ್ಟೋ ಮಂದಿ. ತಿಂಗಳು ತಪ್ಪಿದಾಗ ಅವರು ಕೇಳುವುದು ಒಂದೇ: ಲೆಕ್ಕ ಸರಿಯಾಗೇ ಇತ್ತಲ್ಲ?

ಲೆಕ್ಕ ಸರಿ, ಎಣಿಸಿದ ದಿಕ್ಕು ತಪ್ಪು. ಅಂಡಾಶಯದಿಂದ ಅಂಡಾಣು ಹೊರಬಿದ್ದ ಮೇಲೆ ಮುಂದಿನ ಮುಟ್ಟಿಗೆ ಸುಮಾರು 14 ದಿನ ಹಿಡಿಯುತ್ತದೆ. ಈ ಅವಧಿ ಹೆಚ್ಚು ಏರುಪೇರಾಗುವುದಿಲ್ಲ. ಏರುಪೇರಾಗುವುದು ಅದಕ್ಕೂ ಹಿಂದಿನ, ಅಂಡಾಣು ಬಲಿಯುವ ದಿನಗಳು. 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ 14ನೇ ದಿನ ಹೊಂದಬಹುದು. 35 ದಿನದವರಿಗೆ ಅದು 21ನೇ ದಿನದ ಹೊತ್ತಿಗೆ, 21 ದಿನದವರಿಗೆ ಏಳನೆಯ ದಿನಕ್ಕೇ. ಹಿಂದಕ್ಕೆ ಎಣಿಸೋಣವೆಂದರೆ ಮುಂದಿನ ಮುಟ್ಟು ಯಾವತ್ತೆಂದು ಮೊದಲೇ ಗೊತ್ತಿರಬೇಕು. ಒಂದು ಜ್ವರ, ಒಂದು ದೊಡ್ಡ ಚಿಂತೆ ಸಾಕು, ಆ ದಿನ ಮುಂದೆ ಹೋಗಲು.

ಅಂಡಾಣುವಿನ ಆಯುಸ್ಸು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಹಾಗಲ್ಲ, ಹೆಣ್ಣಿನ ದೇಹದೊಳಗೆ ಐದು ದಿನದವರೆಗೂ ಬದುಕಿರಬಲ್ಲದು. ಏಳನೆಯ ದಿನ ಅಂಡಾಣು ಬಿಡುಗಡೆಯಾಗುವವಳು ಮೂರನೆಯ ದಿನ ಕೂಡಿದರೂ ಬಸಿರಾಗಬಹುದು. ಮುಟ್ಟಿನ ದಿನಗಳಲ್ಲಿ ಭಯವಿಲ್ಲ ಎಂಬ ಮಾತು ಇಲ್ಲೇ ಸುಳ್ಳಾಗುತ್ತದೆ. 1924ರಲ್ಲಿ ಈ ಹಿಂದೆಣಿಕೆಯನ್ನು ಕಂಡುಕೊಂಡ ಜಪಾನಿನ ವೈದ್ಯ ಕ್ಯೂಸಾಕು ಒಗಿನೋ ಅವರ ಉದ್ದೇಶ, ಮಕ್ಕಳಾಗದವರಿಗೆ ನೆರವಾಗುವುದು. ಬಸಿರು ತಡೆಯಲು ಇದನ್ನೇ ನೆಚ್ಚಿಕೊಳ್ಳುವುದನ್ನು ಅವರೇ ಒಪ್ಪಲಿಲ್ಲ.

‘ಇನ್ನೂ ಮುಟ್ಟೇ ಆಗಿಲ್ಲ, ಮತ್ತೆ ಹೇಗೆ ಬಸಿರಾದೆ?’ ಎಂದು ಕಂಗಾಲಾಗುವ ಬಾಣಂತಿಯರಿಗೆ ಉತ್ತರವೂ ಈ ಲೆಕ್ಕದಲ್ಲೇ ಇದೆ. ಅಂಡಾಣು ಮೊದಲು, ಮುಟ್ಟು ಆಮೇಲೆ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ಎದೆಹಾಲೊಂದೇ ಕೊಡುತ್ತಿರಬೇಕು, ಮುಟ್ಟು ಮರಳಿರಬಾರದು. ಮೂರೂ ಇದ್ದರೆ ಮಾತ್ರ ಹಾಲೂಡಿಸುವುದು ಒಳ್ಳೆಯ ರಕ್ಷಣೆ. ಒಂದು ತಪ್ಪಿದರೂ ಬೇರೆ ದಾರಿ ಬೇಕು.

ಮೆಡಿಕಲ್ ಶಾಪಿನಲ್ಲಿ ಸಿಗುವ ತುರ್ತು ಮಾತ್ರೆ ಮಾಡುವುದೂ ಅಂಡಾಣುವಿನ ಬಿಡುಗಡೆಯನ್ನು ಮುಂದೂಡುವ ಕೆಲಸವನ್ನೇ. ಆದ್ದರಿಂದ ಕೂಡಿದ 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಆಗಲೇ ನಿಂತ ಬಸಿರನ್ನು ಅದು ತೆಗೆಯದು, ನಾಳೆಯ ಕೂಟಕ್ಕೆ ಕಾವಲೂ ಆಗದು. ವಂಕಿ, ಅಂದರೆ ಕಾಪರ್-ಟಿ, ಐದು ದಿನದೊಳಗೆ ಹಾಕಿಸಿದರೆ ತುರ್ತಿಗೂ ಆಗುತ್ತದೆ. ‘380ಎ’ ಬಗೆಯದು ಹತ್ತು ವರ್ಷ ಕಾಯುತ್ತದೆ; ತೆಗೆಸಿದರೆ ಮತ್ತೆ ಮಕ್ಕಳಾಗುತ್ತವೆ. ಎಚ್‌ಐವಿಯಂಥ ಸೋಂಕನ್ನೂ ತಡೆಯುವುದು ಇವುಗಳಲ್ಲಿ ಯಾವುದೂ ಅಲ್ಲ, ಕಾಂಡೋಮ್ ಒಂದೇ.

1930ರಲ್ಲೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಸಿದ ಮೈಸೂರು ಸಂಸ್ಥಾನದ ನಾಡಿದು. ಈಗ ಕಾಂಡೋಮ್, ದಿನದ ಮಾತ್ರೆ ಮಾಲಾ-ಎನ್, ವಾರದ ಮಾತ್ರೆ ಛಾಯಾ, ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದು, ವಂಕಿ, ಇವೆಲ್ಲ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಉಚಿತ. ಸಂಕೋಚ ಬಿಟ್ಟು ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿ. ಹೋಗುವಾಗ ಗಂಡನನ್ನೂ ಕರೆದುಕೊಂಡು ಹೋಗಿ.