ಸೋಲು ಗೆಲುವಿನ ಮುನ್ನಂದಾಜು: ತಪ್ಪು ಕಲ್ಪನೆ ಮತ್ತು ಸತ್ಯ

1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ, ಬೇರೆ ಬೇರೆ ಯುದ್ಧವಿದ್ಯೆಗಳಲ್ಲಿ ಪಳಗಿದ ಎಂಟು ಮಂದಿ ಮಲ್ಲರು ಎಂಟು ಮೂಲೆಯ ಅಖಾಡಕ್ಕಿಳಿದರು. ದೇಹದ ಭಾರವೂ ಮುಷ್ಟಿಯ ಬಲವೂ ಉಳ್ಳವನೇ ಗೆಲ್ಲುವನೆಂಬ ಲೋಕರೂಢಿಯ ನಂಬಿಕೆಯನ್ನು ತಲೆಕೆಳಗು ಮಾಡಿ, ಅಂದು ಬ್ರೆಜಿಲಿನ ಕೃಶಕಾಯನಾದ ಹೊಯ್ಸ್ ಗ್ರೇಸಿಯೆಂಬಾತನು ಒಂದೇ ರಾತ್ರಿಯಲ್ಲಿ ಮೂವರನ್ನು ಸೋಲೊಪ್ಪಿಸಿದನು. ಯು.ಎಫ್.ಸಿ. ಎಂಬ ಹೆಸರಿನಿಂದ ಅಂದು ಮೊದಲಾದ ಆ ಸ್ಪರ್ಧೆಯೊಡನೆ ಮಿಶ್ರ ಸಮರಕಲೆಯು ಲೋಕಪ್ರಸಿದ್ಧವಾಯಿತು. ಅದರ ಜೊತೆಜೊತೆಯಲ್ಲಿಯೇ, ಪಂದ್ಯಕ್ಕೆ ಮುನ್ನ ಗೆಲ್ಲುವವರಾರೆಂದು ಊಹಿಸಿ ಹೇಳುವುದೂ, ಪಂದ್ಯ ಮುಗಿದ ತರುವಾಯ ಆ ಮಾತು ಎಷ್ಟರಮಟ್ಟಿಗೆ ದಿಟವಾಯಿತೆಂದು ಪರಾಮರ್ಶಿಸುವುದೂ ಒಂದು ಉಪವಿದ್ಯೆಯಾಗಿ ಬೆಳೆಯಿತು. ಈ ಉಪವಿದ್ಯೆಯನ್ನು ಬರಿಯ ಬಾಯಿಚಪಲವೆಂದು ತಳ್ಳಿಹಾಕುವವರೂ ಉಂಟು, ದಿವ್ಯಜ್ಞಾನವೆಂದು ನಂಬುವವರೂ ಉಂಟು, ಇಬ್ಬರೂ ತಪ್ಪಿದ್ದಾರೆ. ಮುನ್ನಂದಾಜಿನ ಯೋಗ್ಯತೆಯನ್ನು ಅಳೆಯತಕ್ಕದ್ದು ಒಂದು ಪಂದ್ಯದ ಫಲದಿಂದಲ್ಲ. ಅದಕ್ಕೆ ಕೊಟ್ಟ ಕಾರಣಗಳಿಂದ ಮತ್ತು ಅಂತಹ ಹಲವು ಅಂದಾಜುಗಳ ಒಟ್ಟು ಲೆಕ್ಕದಿಂದ. ಇದನ್ನು ಮನಗಾಣದೆ ಹುಟ್ಟಿದ ಕೆಲವು ತಪ್ಪು ಕಲ್ಪನೆಗಳನ್ನು ಇಲ್ಲಿ ಒಂದೊಂದಾಗಿ ವಿಚಾರಿಸೋಣ.

ತಪ್ಪು ಕಲ್ಪನೆ 1: ಮೊದಲನೆಯವರು ಎರಡನೆಯವರನ್ನೂ ಎರಡನೆಯವರು ಮೂರನೆಯವರನ್ನೂ ಗೆದ್ದಿದ್ದರೆ, ಮೊದಲನೆಯವರು ಮೂರನೆಯವರನ್ನು ಗೆದ್ದೇ ಗೆಲ್ಲುವರು.

ಸತ್ಯ: ಇದು ತೂಕದ ಕಲ್ಲುಗಳಿಗೆ ಸಲ್ಲುವ ನ್ಯಾಯವೇ ಹೊರತು ಮಲ್ಲರಿಗೆ ಸಲ್ಲುವುದಲ್ಲ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಜೂಡೊ ವಿದ್ಯೆಗೆ ಕಂಚಿನ ಪದಕ ಪಡೆದಿದ್ದ ರೋಂಡಾ ರೌಸಿಯು, ಕುಸ್ತಿಯಲ್ಲಿ ನುರಿತ ಮೀಷಾ ಟೇಟ್‌ಳನ್ನು 2012ರಲ್ಲಿಯೂ 2013ರಲ್ಲಿಯೂ, ಎರಡು ಸಲವೂ ಮೊಣಕೈಯನ್ನು ಹಿಮ್ಮುಖವಾಗಿ ಬಾಗಿಸುವ ತನ್ನ ಪ್ರಸಿದ್ಧ ಪಟ್ಟಿನಿಂದ ಸೋಲೊಪ್ಪಿಸಿದಳು. ಆ ರೌಸಿಯನ್ನೇ 2015ರ ನವೆಂಬರಿನಲ್ಲಿ, ಮೆಲ್ಬರ್ನ್ ನಗರದ ಐವತ್ತಾರು ಸಾವಿರಕ್ಕೂ ಮಿಕ್ಕ ಪ್ರೇಕ್ಷಕರ ಸಮ್ಮುಖದಲ್ಲಿ, ಬಾಕ್ಸಿಂಗ್ ಕ್ಷೇತ್ರದಿಂದ ಬಂದ ಹಾಲಿ ಹೋಮ್ ಎಂಬಾಕೆ ಎರಡನೆಯ ಸುತ್ತಿನಲ್ಲಿ ತಲೆಗೆ ಬಿದ್ದ ಒಂದು ಒದೆಯಿಂದ ನೆಲಕ್ಕುರುಳಿಸಿದಳು. ಮೇಲಿನ ನ್ಯಾಯವು ಸತ್ಯವಾಗಿದ್ದರೆ ಹೋಮ್‌ಳು ಟೇಟ್‌ಳನ್ನು ಅನಾಯಾಸವಾಗಿ ಗೆಲ್ಲಬೇಕಾಗಿತ್ತು. ಆದರೆ ನಾಲ್ಕು ತಿಂಗಳು ತುಂಬುವ ಮೊದಲೇ, 2016ರ ಮಾರ್ಚ್ 5ರಂದು, ಐದನೆಯ ಸುತ್ತಿನಲ್ಲಿ ಟೇಟ್‌ಳು ಹಿಂದಿನಿಂದ ಕತ್ತನ್ನು ಬಿಗಿದು ಹೋಮ್‌ಳನ್ನು ಮಣಿಸಿದಳು. ಮೂವರಲ್ಲಿ ಪ್ರತಿಯೊಬ್ಬಳೂ ಒಬ್ಬಳನ್ನು ಗೆದ್ದು ಮತ್ತೊಬ್ಬಳಿಗೆ ಸೋತಳು. ಇದು ವಿಚಿತ್ರವಲ್ಲ, ಸಹಜ. ದೂರದಲ್ಲಿ ನಿಂತು ಹೊಡೆಯುವವರನ್ನು ಹತ್ತಿರಕ್ಕೆ ಎಳೆಯುವ ಶಕ್ತಿಯೊಂದು, ಎಳೆಯಬಂದವರಿಗೆ ಸಿಕ್ಕದೆ ಜಾರುವ ಪಾದಚಲನೆಯೊಂದು, ನೆಲದ ಮೇಲೆ ಬಿದ್ದಾಗ ಅವಕಾಶಕ್ಕಾಗಿ ಕಾಯುವ ತಾಳ್ಮೆಯೊಂದು. ಇವು ಒಂದೇ ತಕ್ಕಡಿಯಲ್ಲಿ ತೂಗಲಾಗದ ಗುಣಗಳು. ಆದಕಾರಣ ಬಲ್ಲವನು ಗೆಲುವುಗಳ ಪಟ್ಟಿಯನ್ನು ನೋಡುವುದಕ್ಕಿಂತ ಮಿಗಿಲಾಗಿ, ಇವರ ವಿದ್ಯೆಯು ಅವರ ವಿದ್ಯೆಗೆ ಎದುರಾದಾಗ ಏನಾಗುವುದೆಂಬುದನ್ನು ನೋಡುವನು.

ತಪ್ಪು ಕಲ್ಪನೆ 2: ಬಹುಕಾಲ ಸೋಲರಿಯದವನು ಮುಂದೆಯೂ ಸೋಲನು, ಒಮ್ಮೆ ಸೋಲಿಸಿದವನು ಮತ್ತೊಮ್ಮೆಯೂ ಸೋಲಿಸುವನು.

ಸತ್ಯ: ಒಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಅಜೇಯನೆನಿಸಿದ್ದ ರಷ್ಯದ ಫೆಡರ್ ಎಮೆಲಿಯಾನೆಂಕೊ, 2010ರ ಜೂನ್ 26ರಂದು ಫ್ಯಾಬ್ರಿಸಿಯೊ ವೆರ್ಡಮ್‌ನ ಕಾಲುಗಳ ನಡುವೆ ಸಿಲುಕಿ 69 ಸೆಕೆಂಡುಗಳಲ್ಲಿ ಸೋಲೊಪ್ಪಿದನು. ಹತ್ತು ವರ್ಷ ಸೋಲನ್ನು ಕಾಣದಿದ್ದ ಜೋಸೆ ಆಲ್ಡೊ, 2015ರ ಡಿಸೆಂಬರಿನಲ್ಲಿ ಕಾನರ್ ಮೆಕ್‌ಗ್ರೆಗರನ ಎಡಗೈ ಹೊಡೆತಕ್ಕೆ ಗುರಿಯಾಗಿ 13 ಸೆಕೆಂಡುಗಳಲ್ಲಿ ಕುಸಿದನು. 2014ರಲ್ಲಿ ಲ್ಯೂಕ್ ರಾಕ್‌ಹೋಲ್ಡನಿಗೆ ಸೋತಿದ್ದ ಮೈಕೆಲ್ ಬಿಸ್ಪಿಂಗ್, 2016ರ ಜೂನಿನಲ್ಲಿ ಕೇವಲ 17 ದಿನಗಳ ಮುನ್ಸೂಚನೆಯ ಮೇಲೆ ಬದಲಿ ಸ್ಪರ್ಧಿಯಾಗಿ ಬಂದು, ಅದೇ ರಾಕ್‌ಹೋಲ್ಡನನ್ನು ಮೊದಲ ಸುತ್ತಿನಲ್ಲಿಯೇ ಕೆಡವಿ ಪಟ್ಟವನ್ನು ಗಳಿಸಿದನು. ಇದಕ್ಕೆ ಕಾರಣವು ಕ್ರೀಡೆಯ ರಚನೆಯಲ್ಲಿಯೇ ಅಡಗಿದೆ. ಇಲ್ಲಿಯ ಕೈಗವಸು ಸುಮಾರು ನಾಲ್ಕು ಔನ್ಸಿನದು. ವೃತ್ತಿಪರ ಬಾಕ್ಸಿಂಗಿನದು ಎಂಟರಿಂದ ಹತ್ತು ಔನ್ಸಿನದು. ಅಲ್ಲಿ ಹನ್ನೆರಡು ಸುತ್ತುಗಳ ಅವಕಾಶವಿದ್ದರೆ ಇಲ್ಲಿ ಸಾಮಾನ್ಯವಾಗಿ ಐದೈದು ನಿಮಿಷಗಳ ಮೂರೇ ಸುತ್ತು, ಪಟ್ಟದ ಪಂದ್ಯವಾದರೆ ಐದು. ಮುಷ್ಟಿ, ಮೊಣಕೈ, ಮೊಣಕಾಲು, ಪಾದ, ಕತ್ತಿನ ಪಟ್ಟು, ಕೀಲಿನ ಪಟ್ಟು ಎಂದು ಪಂದ್ಯವನ್ನು ಒಮ್ಮೆಗೇ ಮುಗಿಸುವ ಮಾರ್ಗಗಳು ಹಲವಾಗಿರುವಾಗ, ಅತ್ಯುತ್ತಮನಿಗೂ ಸೋಲಿನ ಸಂಭವವು ಎಂದೂ ಶೂನ್ಯವಾಗಲಾರದು.

ತಪ್ಪು ಕಲ್ಪನೆ 3: ಫಲವು ಬೇರೆಯಾದರೆ ಅಂದಾಜು ಅವಿವೇಕದ್ದು, ಫಲವು ಒಪ್ಪಿದರೆ ಅಂದಾಜು ವಿವೇಕದ್ದು.

ಸತ್ಯ: ಕಲ್ಪನೆಗಳಲ್ಲೆಲ್ಲ ಇದೇ ಅತಿ ದೊಡ್ಡದು. 2022ರ ಆಗಸ್ಟ್ 20ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ಕಮಾರು ಉಸ್ಮಾನನು ತನ್ನ ಪಟ್ಟವನ್ನು ಲಿಯಾನ್ ಎಡ್ವರ್ಡ್ಸನ ಎದುರು ಪಣಕ್ಕಿಟ್ಟನು. ಮೊದಲ ಸುತ್ತು ಎಡ್ವರ್ಡ್ಸನದಾಯಿತು. ಆಮೇಲಿನ ಮೂರು ಸುತ್ತುಗಳಲ್ಲಿ ಉಸ್ಮಾನನು ಮೇಲುಗೈ ಸಾಧಿಸಿ, ಮೂವರು ತೀರ್ಪುಗಾರರ ಲೆಕ್ಕದಲ್ಲಿಯೂ 39-37ರಿಂದ ಮುಂದಿದ್ದನು. ಇನ್ನೊಂದು ನಿಮಿಷಕ್ಕೂ ಕಡಮೆ ಕಾಲ ಉಳಿದಿದ್ದಾಗ ಎಡ್ವರ್ಡ್ಸನ ಎಡಗಾಲಿನ ಒದೆಯು ತಲೆಗೆ ತಗುಲಿ ಉಸ್ಮಾನನು ಪ್ರಜ್ಞೆ ತಪ್ಪಿ ಬಿದ್ದನು. ‘ಉಸ್ಮಾನನು ಕುಸ್ತಿಯ ಬಲದಿಂದ ಎದುರಾಳಿಯನ್ನು ದಣಿಸಿ ಅಂಕಗಳಿಂದ ಗೆಲ್ಲುವನು’ ಎಂದು ಬರೆದವನ ಅಂದಾಜು ಫಲದ ದೃಷ್ಟಿಯಿಂದ ಸುಳ್ಳಾಯಿತು. ಆದರೆ ಪಂದ್ಯದ ಬಹುಭಾಗವನ್ನು ಅವನು ಸರಿಯಾಗಿಯೇ ಕಂಡಿದ್ದನು. ಇದಕ್ಕೆ ವಿಪರ್ಯಯವಾಗಿ 2010ರ ಆಗಸ್ಟಿನಲ್ಲಿ, ನಾಲ್ಕು ಸುತ್ತುಗಳ ಕಾಲ ಚೇಲ್ ಸೋನೆನ್‌ನ ಕೆಳಗೆ ಸಿಕ್ಕಿ ಪೆಟ್ಟು ತಿಂದ ಆಂಡರ್ಸನ್ ಸಿಲ್ವಾ, ಐದನೆಯ ಸುತ್ತಿನಲ್ಲಿ ಕಾಲುಗಳಿಂದ ಕತ್ತನ್ನು ಬಂಧಿಸಿ ಗೆದ್ದುಕೊಂಡನು. ‘ಸಿಲ್ವಾ ಲೀಲೆಯಿಂದ ಗೆಲ್ಲುವನು’ ಎಂದವನ ಹೆಸರಿನ ಮುಂದೆ ಸರಿಯೆಂಬ ಗುರುತು ಬಿದ್ದರೂ ಅವನ ತಿಳಿವಳಿಕೆ ತಪ್ಪಾಗಿತ್ತು. ಪರಾಮರ್ಶೆಯೆಂದರೆ ಸರಿ ತಪ್ಪುಗಳ ಗುರುತು ಹಾಕುವುದಷ್ಟೇ ಅಲ್ಲ. ಯಾರು ಗೆಲ್ಲುವರು, ಯಾವ ರೀತಿಯಿಂದ, ಯಾವ ಕಾರಣದಿಂದ ಎಂಬ ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವುದು.

ತಪ್ಪು ಕಲ್ಪನೆ 4: ಪಂದ್ಯವು ತೀರ್ಪುಗಾರರವರೆಗೆ ಹೋದರೆ ಫಲವು ಎಲ್ಲರಿಗೂ ಸ್ಪಷ್ಟವಾಗಿರುವುದು.

ಸತ್ಯ: 2024ರ ಜೂನ್ 8ರಂದು ಲೂಯಿವಿಲ್ ನಗರದಲ್ಲಿ ಉತ್ತರ ಪ್ರದೇಶದ ಪೂಜಾ ತೋಮರ್, ರೇಯಾನ್ ಡಾಸ್ ಸ್ಯಾಂಟೋಸ್‌ಳನ್ನು ಗೆದ್ದು, ಯು.ಎಫ್.ಸಿ.ಯಲ್ಲಿ ಜಯ ಗಳಿಸಿದ ಮೊದಲ ಭಾರತೀಯ ಮಹಿಳೆಯೆಂಬ ಕೀರ್ತಿಗೆ ಪಾತ್ರಳಾದಳು. ಆ ಪಂದ್ಯದಲ್ಲಿ ಒಬ್ಬ ತೀರ್ಪುಗಾರನು ಮೂರು ಸುತ್ತುಗಳನ್ನೂ ಪೂಜಾಳಿಗೆ ಕೊಟ್ಟು 30-27 ಎಂದನು. ಇನ್ನೊಬ್ಬನು ಮೂರನ್ನೂ ಎದುರಾಳಿಗೆ ಕೊಟ್ಟನು. ಮೂರನೆಯವನ 29-28ರಿಂದ ಗೆಲುವು ನಿರ್ಣಯವಾಯಿತು. ಸುತ್ತನ್ನು ಗೆದ್ದವರಿಗೆ ಹತ್ತು ಅಂಕ, ಸೋತವರಿಗೆ ಸಾಮಾನ್ಯವಾಗಿ ಒಂಬತ್ತು. ಕೂದಲೆಳೆಯಷ್ಟು ಅಂತರದ ಸುತ್ತಿಗೂ ಸ್ಪಷ್ಟವಾಗಿ ಗೆದ್ದ ಸುತ್ತಿಗೂ ಬಹುಶಃ ಅದೇ ಬೆಲೆ. ಆದುದರಿಂದ ಸಮಬಲರ ಪಂದ್ಯದಲ್ಲಿ ಅಂದಾಜು ತಪ್ಪಿತೆಂದು ಅತಿಯಾಗಿ ಕೊರಗುವುದೂ, ಒಪ್ಪಿತೆಂದು ಅತಿಯಾಗಿ ಬೀಗುವುದೂ ಸಲ್ಲದು.

ತಪ್ಪು ಕಲ್ಪನೆ 5: ಬಾಜಿ ಕಟ್ಟಿಸಿಕೊಳ್ಳುವವರ ದರವೇ ನಿಜವಾದ ಸಂಭವವನ್ನು ತಿಳಿಸುವುದು.

ಸತ್ಯ: ಒಂದು ಡಾಲರಿಗೆ ಒಬ್ಬನ ಮೇಲೆ 1.50, ಮತ್ತೊಬ್ಬನ ಮೇಲೆ 2.50 ದರವಿದ್ದರೆ, ಅವು ಸೂಚಿಸುವ ಸಂಭವಗಳು ಕ್ರಮವಾಗಿ ನೂರಕ್ಕೆ ಸುಮಾರು 66.7 ಮತ್ತು 40. ಕೂಡಿದರೆ ನೂರನ್ನು ಮೀರಿ 106.7 ಆಗುವುದು. ಆ ಹೆಚ್ಚಳವು ದರ ಕಟ್ಟಿದವರ ಲಾಭಾಂಶ. ಅದನ್ನು ಕಳೆಯದೆ ದರವನ್ನೇ ಸತ್ಯವೆಂದು ಓದತಕ್ಕದ್ದಲ್ಲ.

ತಪ್ಪು ಕಲ್ಪನೆ 6: ಹತ್ತರಲ್ಲಿ ಎಷ್ಟು ಒಪ್ಪಿದುವೆಂಬುದೇ ಅಂದಾಜುಗಾರನ ಅಳತೆಗೋಲು.

ಸತ್ಯ: ಹವಾಮಾನ ಶಾಸ್ತ್ರಜ್ಞನಾದ ಗ್ಲೆನ್ ಬ್ರಯರ್ 1950ರಲ್ಲಿ, ಮಳೆ ಮೊದಲಾದವುಗಳ ಮುನ್ಸೂಚನೆಯನ್ನು ಪರೀಕ್ಷಿಸುವುದಕ್ಕಾಗಿ, ಹೇಳಿದ ಸಂಭವಕ್ಕೂ ನಡೆದ ಸಂಗತಿಗೂ ಇರುವ ಅಂತರವನ್ನು ವರ್ಗ ಮಾಡಿ ಸರಾಸರಿ ತೆಗೆಯುವ ಕ್ರಮವನ್ನು ಪ್ರಕಟಿಸಿದನು. ಅಂಕ ಕಡಮೆಯಾದಷ್ಟೂ ಅಂದಾಜು ಉತ್ತಮ. ಇಬ್ಬರು ಅದೇ ಹತ್ತು ಪಂದ್ಯಗಳಲ್ಲಿ ಅದೇ ಮಲ್ಲರನ್ನು ಆರಿಸಿದರೆನ್ನೋಣ. ಇಬ್ಬರಿಗೂ ಏಳು ಒಪ್ಪಿ ಮೂರು ತಪ್ಪಿದುವು. ಮೊದಲಿನವನು ಪ್ರತಿಯೊಂದಕ್ಕೂ ನೂರಕ್ಕೆ 70ರ ಸಂಭವವೆಂದಿದ್ದರೆ ಅವನ ಅಂಕ 0.21, ಎರಡನೆಯವನು ಪ್ರತಿಯೊಂದಕ್ಕೂ ನೂರಕ್ಕೆ 95 ಎಂದಿದ್ದರೆ ಅವನ ಅಂಕ 0.27ನ್ನು ಮೀರುವುದು. ಏನನ್ನೂ ಅರಿಯದೆ ಎಲ್ಲದಕ್ಕೂ ಸಮಸಂಭವವೆಂದು ಹೇಳುವವನಿಗೆ ಸಿಕ್ಕುವ ಅಂಕ 0.25. ಎಂದರೆ ಒಪ್ಪಿದ ಸಂಖ್ಯೆ ಸಮಾನವಾಗಿದ್ದರೂ, ಮಿತಿಮೀರಿದ ಆತ್ಮವಿಶ್ವಾಸವುಳ್ಳವನು ಅಜ್ಞನಿಗಿಂತಲೂ ಕೆಳಗಿಳಿದನು. ಒಂದು ಸಂಜೆಯ ಹನ್ನೆರಡು ಪಂದ್ಯಗಳನ್ನೂ ಸರಿಯಾಗಿ ಹೇಳಬೇಕೆಂದು ಬಯಸುವವರು ಇನ್ನೊಂದು ಲೆಕ್ಕವನ್ನೂ ನೆನೆಯಬೇಕು: ಒಂದೊಂದರಲ್ಲಿಯೂ ನೂರಕ್ಕೆ 70ರ ಸಂಭವವಿದ್ದರೂ ಹನ್ನೆರಡೂ ಒಪ್ಪುವ ಸಂಭವವು ನೂರಕ್ಕೆ ಒಂದೂವರೆಗೂ ಕಡಮೆ.

ತಪ್ಪು ಕಲ್ಪನೆ 7: ‘ನಾನು ಮೊದಲೇ ಹೇಳಿದ್ದೆ’ ಎಂಬ ನೆನಪು ನಂಬತಕ್ಕದ್ದು.

ಸತ್ಯ: 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಕ್ಕೂ ರಷ್ಯಕ್ಕೂ ಪ್ರವಾಸ ಹೊರಡುವ ಮುನ್ನ, ಏನೇನು ನಡೆಯಬಹುದೆಂಬ ಸಂಭವಗಳನ್ನು ವಿದ್ಯಾರ್ಥಿಗಳಿಂದ ಬರೆಯಿಸಿಕೊಂಡು, ತರುವಾಯ ಅವರು ಏನು ಬರೆದಿದ್ದರೆಂಬುದನ್ನು ಅವರಿಂದಲೇ ನೆನಪಿಸಿಕೊಳ್ಳುವಂತೆ ಮಾಡಿದ ಪರೀಕ್ಷೆಯೊಂದನ್ನು ಬರೂಕ್ ಫಿಷ್‌ಹಾಫ್ ಮತ್ತು ರೂತ್ ಬೇಯ್ತ್ ಎಂಬ ಮನಶ್ಶಾಸ್ತ್ರಜ್ಞರು 1975ರಲ್ಲಿ ಪ್ರಕಟಿಸಿದರು. ನಡೆದುಹೋದ ಸಂಗತಿಗಳಿಗೆ ತಾವು ಮೊದಲೇ ಹೆಚ್ಚಿನ ಸಂಭವವನ್ನು ಕೊಟ್ಟಿದ್ದೆವೆಂದು ನೆನೆಯುವ ಪ್ರವೃತ್ತಿ ಅವರಲ್ಲಿ ಕಂಡುಬಂದಿತು. ಅವರು ಸುಳ್ಳು ಹೇಳಿದವರಲ್ಲ. ಫಲವನ್ನು ಅರಿತ ಮನಸ್ಸು ತನ್ನ ಹಿಂದಿನ ಸಂಶಯವನ್ನು ತಾನೇ ಅಳಿಸಿಹಾಕುವುದು. ಬರೆದಿಡದ ಅಂದಾಜನ್ನು ಪರಾಮರ್ಶಿಸುವುದು ಈ ಕಾರಣದಿಂದಲೇ ಅಸಾಧ್ಯ.

ಈ ಕ್ರೀಡೆಯನ್ನು ಪ್ರೀತಿಸುವ ವಾಚಕರು ಮುಂದಿನ ಪಂದ್ಯಕ್ಕೆ ಮೊದಲು ಒಂದು ಹಾಳೆಯ ಮೇಲೆ ಮಲ್ಲನ ಹೆಸರನ್ನೂ, ಗೆಲುವಿನ ರೀತಿಯನ್ನೂ, ನೂರಕ್ಕೆ ಎಷ್ಟು ಸಂಭವವೆಂಬುದನ್ನೂ, ಒಂದೆರಡು ವಾಕ್ಯಗಳಲ್ಲಿ ಕಾರಣವನ್ನೂ ಬರೆದು ದಿನಾಂಕ ಹಾಕಲಿ. ಪಂದ್ಯ ಮುಗಿದ ಮೇಲೆ ಒಂದಕ್ಷರವನ್ನೂ ತಿದ್ದದೆ ಅದರ ಪಕ್ಕದಲ್ಲಿ ನಡೆದದ್ದನ್ನು ಬರೆಯಲಿ. ಒಪ್ಪಿದ ಅಂದಾಜುಗಳನ್ನೂ ತಪ್ಪಿದವುಗಳಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಲಿ. ನೂರಾರು ಪಂದ್ಯಗಳವರೆಗೆ ಈ ಕ್ರಮವನ್ನು ಬಿಡದೆ ಪಾಲಿಸಿದವರ ಅಂದಾಜಿಗೆ ಮಾತ್ರ ಪ್ರಮಾಣದ ಬೆಲೆಯುಂಟು. ಉಳಿದವರದು ಬರಿಯ ಅಭಿಪ್ರಾಯ.