ನಿಲ್ಲುವ ಗಾಡಿ, ನಿಲ್ಲದ ಅನುಮಾನ

ಕಪಿಲೆಯ ಸೇತುವೆ ದಾಟಿ ಒಂದು ಫರ್ಲಾಂಗು ಕೂಡ ಹೋಗಿರಲಿಲ್ಲ. ಎಂಜಿನ್ ಒಮ್ಮೆ ಬಿಕ್ಕಿ ಸುಮ್ಮನಾಯಿತು. ಕೊಂಡು ಇನ್ನೂ ಎಂಟು ತಿಂಗಳಾಗಿದ್ದ ಮೋಟಾರ್ ಸೈಕಲ್. ದೂರ ಪ್ರಯಾಣಕ್ಕೆಂದೇ ತಯಾರಾದದ್ದೆಂದು ಜಾಹೀರಾತು ಸಾರಿತ್ತು. ಅಗಲವಾದ ಸೀಟು, ಎರಡೂ ಬದಿಗೆ ಪೆಟ್ಟಿಗೆ, ಎದುರಿಗೆ ಗಾಳಿ ತಡೆಯುವ ಗಾಜು, ಎಲ್ಲವೂ ಇದ್ದವು. ಎಡಕ್ಕೆ ತಿರುಗಿ ನೋಡಿದರೆ ನಂಜನಗೂಡಿನ ಹಳೆಯ ಕಲ್ಲಿನ ಸೇತುವೆ. 1735ರಲ್ಲಿ ಕಟ್ಟಿದ್ದು, ಎತ್ತಿನ ಗಾಡಿಗಳ ಕಾಲದಲ್ಲಿ ಹುಟ್ಟಿ, ಮುಂದೆ ರೈಲಿನ ಭಾರವನ್ನೂ ಹೊತ್ತು, ಈಗ ವಿಶ್ರಾಂತಿಯಲ್ಲಿರುವ ಸೇತುವೆ. ಅದರೆದುರು ನನ್ನ ಹೊಸ ಯಂತ್ರ ತಲೆತಗ್ಗಿಸಿ ನಿಂತಿದ್ದನ್ನು ಕಂಡು ಆ ದಿನ ನಗುವೇ ಬಂದಿತ್ತು. ಇಪ್ಪತ್ತು ನಿಮಿಷ ಕಳೆದು ಗುಂಡಿ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಹೊರಟಿತು. ಪೆಟ್ರೋಲಿನಲ್ಲಿ ಕಸವಿದ್ದಿರಬೇಕೆಂದುಕೊಂಡೆ.

ಎರಡನೆಯ ಸಲ ನಗು ಬರಲಿಲ್ಲ. ತಿರುಮಕೂಡಲು ನರಸೀಪುರದ ಸಂಗಮದಲ್ಲಿ ಮಿಂದು, ಗುಂಜಾ ನರಸಿಂಹಸ್ವಾಮಿಯ ದರ್ಶನ ಮುಗಿಸಿಕೊಂಡು ಹೆಂಡತಿಯೊಡನೆ ನಂಜನಗೂಡಿಗೆ ಮರಳುತ್ತಿದ್ದೆ. ಸುತ್ತೂರಿನ ಕಡೆಯ ರಸ್ತೆಯಲ್ಲಿ, ಎರಡೂ ಬದಿಗೆ ಆಳೆತ್ತರದ ಕಬ್ಬು, ಮಧ್ಯಾಹ್ನದ ಸುಡುಬಿಸಿಲು. ಗಾಡಿ ನಿಂತಿತು. ಎತ್ತಿನ ಜೊತೆ ಬರುತ್ತಿದ್ದ ರೈತರೊಬ್ಬರು ‘ಏನ್ ಸಾ, ಕೈಕೊಡ್ತಾ?’ ಎಂದು ವಿಚಾರಿಸಿ, ಪಂಪ್‌ಸೆಟ್ ಮನೆಯ ನೆರಳಿಗೆ ಕರೆದೊಯ್ದು ನೀರು ಕೊಟ್ಟರು. ಅರ್ಧ ಗಂಟೆಯ ನಂತರ ಗಾಡಿ ತಾನಾಗಿಯೇ ಒಲಿಯಿತು. ಹೆಂಡತಿ ಏನೂ ಹೇಳಲಿಲ್ಲ. ಮುಂದಿನ ವಾರ ನರಸೀಪುರಕ್ಕೆ ಹೊರಟಾಗ ಮಾತ್ರ ‘ನಾನು ಬಸ್ಸಿನಲ್ಲಿ ಬರುತ್ತೇನೆ’ ಎಂದಳು.

ಮೂರನೆಯದು ಬಂಡೀಪುರದಲ್ಲಿ. ಮೇಲುಕಾಮನಹಳ್ಳಿಯ ತಪಾಸಣಾ ಠಾಣೆ ದಾಟಿದ ಮೇಲೆ ಕಾಡಿನ ರಸ್ತೆಯಲ್ಲಿ ವಾಹನ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ. 2009ರಿಂದ ರಾತ್ರಿ ಸಂಚಾರಕ್ಕೂ ನಿಷೇಧವಿದೆ. ಆದರೆ ಕೆಟ್ಟು ನಿಲ್ಲುವ ಗಾಡಿ ಫಲಕ ಓದಿ ನಿಲ್ಲುವುದಿಲ್ಲವಲ್ಲ. ಸಂಜೆ ಐದೂವರೆಗೆ, ಆನೆಯ ಲದ್ದಿ ಇನ್ನೂ ಹಸಿಯಾಗಿದ್ದ ಜಾಗದಲ್ಲಿ, ಹೆಲ್ಮೆಟ್ ತೆಗೆಯಲೂ ಅಂಜಿ ಕುಳಿತ ಆ ಇಪ್ಪತ್ತೈದು ನಿಮಿಷಗಳ ಬಗ್ಗೆ ಹೆಚ್ಚು ಬರೆಯಲಾರೆ.

ಈ ನಡುವೆ ಸರ್ವಿಸ್ ಸ್ಟೇಷನ್ನಿಗೆ ಅಲೆದದ್ದು ಐದು ಬಾರಿ. ಮೊದಲು ಸ್ಪಾರ್ಕ್ ಪ್ಲಗ್ ಬದಲಾಯಿಸಿದರು, ಆಮೇಲೆ ಬ್ಯಾಟರಿ, ಆಮೇಲೆ ಪೆಟ್ರೋಲ್ ಪಂಪು. ಎಥೆನಾಲ್ ಬೆರೆತ ಪೆಟ್ರೋಲಿನ ಮೇಲೆ ತಪ್ಪು ಹೊರಿಸುವುದು ಈಗ ಎಲ್ಲರಿಗೂ ಸುಲಭವಾಗಿದೆ, ಅದನ್ನೂ ಹೇಳಿದರು. ಪ್ರತಿ ಸಲವೂ ಗಾಡಿಯನ್ನು ಅಂಗಳದಲ್ಲಿ ಎರಡು ಸುತ್ತು ಹೊಡೆಸಿ, ಕಂಪ್ಯೂಟರಿಗೆ ಸಿಕ್ಕಿಸಿ, ‘ದೋಷ ಕಂಡುಬಂದಿಲ್ಲ’ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಅವರು ಸುಳ್ಳು ಬರೆದರೆಂದು ನಾನು ಹೇಳಲಾರೆ. ಅವರ ಮುಂದೆ ಅದು ಕೆಡುತ್ತಿರಲಿಲ್ಲ. ಹಲ್ಲುನೋವು ವೈದ್ಯರ ಬಾಗಿಲಲ್ಲಿ ಮಾಯವಾಗುವಂತೆ ನನ್ನ ಗಾಡಿಯ ಕಾಯಿಲೆಯೂ ಅಲ್ಲಿ ಮಾಯವಾಗುತ್ತಿತ್ತು. ಕೊನೆಕೊನೆಗೆ ಅಲ್ಲಿನ ಹುಡುಗರು ನನ್ನನ್ನು ನೋಡುವ ನೋಟದಲ್ಲಿ, ದೋಷವಿರುವುದು ಗಾಡಿಯಲ್ಲೋ ಸವಾರನಲ್ಲೋ ಎಂಬ ಪ್ರಶ್ನೆ ಕಾಣಿಸತೊಡಗಿತು. ನನಗೂ ಹಾಗೆಯೇ ಅನ್ನಿಸತೊಡಗಿತೆಂಬುದು ಅದಕ್ಕಿಂತ ಕೆಟ್ಟದ್ದು.

ಪೂರ್ತಿ ಕೆಟ್ಟ ಯಂತ್ರದೊಡನೆ ಬಾಳಬಹುದು. ಒಮ್ಮೊಮ್ಮೆ ಕೆಡುವ ಯಂತ್ರದೊಡನೆ ಬಾಳುವುದು ಕಷ್ಟ. ಇದನ್ನು ಮೈಸೂರು ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರಲ್ಲಿ ಮುಚ್ಚುವವರೆಗೆ ಮೋಟಾರ್ ಸೈಕಲ್ ತಯಾರಿಸಿತು. ಮೊದಲು ಜಾವಾ, 1973ರಿಂದ ಯೆಜ್ದಿ. ಕಿಕ್ ಹೊಡೆಯುವ ಕೋಲನ್ನೇ ಮುಂದಕ್ಕೆ ಮಡಚಿದರೆ ಗೇರಿನ ಕೋಲಾಗುವ ಆ ಗಾಡಿಗಳು ಇಂದಿಗೂ ಇಲ್ಲಿನ ರಸ್ತೆಗಳಲ್ಲಿವೆ. ಪ್ರತಿ ಜುಲೈ ತಿಂಗಳ ಎರಡನೆಯ ಭಾನುವಾರ ಅವುಗಳ ಅಭಿಮಾನಿಗಳು ಹೊಗೆಯೆಬ್ಬಿಸುತ್ತಾ ಮೆರವಣಿಗೆ ಹೊರಡುತ್ತಾರೆ. ಆ ಗಾಡಿಗಳೂ ದಾರಿಯಲ್ಲಿ ನಿಲ್ಲುತ್ತಿದ್ದವು. ಆಯಿಲು ಬೆರೆಸಿದ ಪೆಟ್ರೋಲು ಉರಿದು ಪ್ಲಗ್ಗಿಗೆ ಮಸಿ ಹಿಡಿಯುತ್ತಿತ್ತು, ಪಾಯಿಂಟು ಸವೆಯುತ್ತಿತ್ತು, ಕ್ಲಚ್ ಕೇಬಲ್ ಹರಿಯುತ್ತಿತ್ತು. ಆದರೆ ಮಸಿ ಕಣ್ಣಿಗೆ ಕಾಣುತ್ತಿತ್ತು. ಸವಾರ ಪ್ಲಗ್ ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಕೈ ಒರೆಸಿಕೊಂಡು ಹೊರಡುತ್ತಿದ್ದ. ಏನು ಕೆಟ್ಟಿತೆಂದು ಅವನಿಗೆ ತಿಳಿದಿರುತ್ತಿತ್ತು. ತಿಳಿದದ್ದರಿಂದಲೇ ಮರುದಿನ ಅದೇ ಗಾಡಿಯಲ್ಲಿ ಊಟಿಗೆ ಹೋಗುವ ಧೈರ್ಯ ಬರುತ್ತಿತ್ತು. ಇದು ಹಳೆಯ ಕಾಲದ ಹೊಗಳಿಕೆಯಲ್ಲ. ಇಂದಿನ ಗಾಡಿಗಳು ಒಟ್ಟಾರೆ ಕೆಡುವುದು ಕಡಿಮೆ ಎಂಬುದನ್ನು ಒಪ್ಪುತ್ತೇನೆ. ಆದರೆ ಕೆಟ್ಟಾಗ ಸವಾರನಿಗೆ ಮಾಡಲು ಏನೂ ಉಳಿದಿಲ್ಲ.

ಕಾನೂನಿನ ದಾರಿಯನ್ನೂ ನೋಡಿದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ, ದೋಷಯುಕ್ತ ಸರಕಿನಿಂದಾದ ಹಾನಿಗೆ ತಯಾರಕರನ್ನೂ ಮಾರಾಟಗಾರರನ್ನೂ ಹೊಣೆ ಮಾಡುತ್ತದೆ. ಪರೀಕ್ಷೆಯಿಲ್ಲದೆ ದೋಷ ನಿರ್ಧರಿಸಲಾಗದಿದ್ದರೆ ಆಯೋಗವು ಸರಕನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಾದ ತಿದ್ದುಪಡಿ, ಅಪಾಯಕಾರಿ ದೋಷವಿರುವ ವಾಹನಗಳನ್ನು ಕಂಪನಿ ಹಿಂದಕ್ಕೆ ಕರೆಸಿಕೊಳ್ಳುವಂತೆ ಆದೇಶಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಎಲ್ಲವೂ ಒಳ್ಳೆಯದೇ. ಆದರೆ ಪ್ರಯೋಗಾಲಯದಲ್ಲೂ ನನ್ನ ಗಾಡಿ ತಣ್ಣಗೆ ನಿಂತು ಸಾಧುವಿನಂತೆ ವರ್ತಿಸಿದ್ದರೆ? ನನ್ನ ಕೈಯಲ್ಲಿದ್ದ ದಾಖಲೆಗಳೆಂದರೆ ದೋಷವಿಲ್ಲವೆಂದು ಬರೆದ ಐದು ಚೀಟಿಗಳು. ಎಷ್ಟು ನಿಮಿಷ ಓಡಿದ ಮೇಲೆ, ಯಾವ ಬಿಸಿಲಿನಲ್ಲಿ, ಎಷ್ಟು ಹೊತ್ತು ನಿಂತಿತು ಎಂದು ನಾನು ಹೇಳಿದ್ದರಲ್ಲಿ ಒಂದಕ್ಷರವೂ ಆ ಚೀಟಿಗಳಲ್ಲಿರಲಿಲ್ಲ. ಗ್ರಾಹಕ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದುಕೊಂಡು ಸಹಿ ಹಾಕಿಕೊಡಬೇಕೆಂಬ ಒಂದು ಸಣ್ಣ ನಿಯಮ ಕಡ್ಡಾಯವಾದರೆ ಎಷ್ಟೋ ವ್ಯಾಜ್ಯಗಳು ಅಲ್ಲೇ ಬಗೆಹರಿಯುತ್ತವೆ.

ರೋಗ ಹಿಡಿದವರು ನಂಜನಗೂಡಿನ ಒಬ್ಬ ಹಿರಿಯ ಮೆಕ್ಯಾನಿಕ್. ಯೆಜ್ದಿ ಬಿಚ್ಚುತ್ತಲೇ ಕೆಲಸ ಕಲಿತವರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ‘ಸ್ವಾಮಿ, ಜ್ವರ ಇದ್ದಾಗ ತಾನೇ ಥರ್ಮಾಮೀಟರ್ ಇಡಬೇಕು?’ ಎಂದರು. ಮೀಟರನ್ನು ಜೇಬಿಗಿಳಿಸಿಕೊಂಡು ನನ್ನ ಹಿಂದೆ ಕುಳಿತರು. ನರಸೀಪುರದ ಹಾದಿಯಲ್ಲಿ ನಲವತ್ತು ನಿಮಿಷ ಓಡಿಸಿದೆವು. ಗಾಡಿ ನಿಂತಿತು. ಜೀವನದಲ್ಲಿ ಮೊದಲ ಬಾರಿ ಗಾಡಿ ಕೆಟ್ಟಿದ್ದಕ್ಕೆ ನನಗೆ ಸಂತೋಷವಾಯಿತು.

ಎಂಜಿನಿನ ಪಕ್ಕದ ಮುಚ್ಚಳದೊಳಗೆ, ತಿರುಗುವ ಆಯಸ್ಕಾಂತದ ಬಳಿ ಪಿಕಪ್ ಕಾಯಿಲ್ ಎಂಬ ಬೆರಳುಗಾತ್ರದ ಭಾಗವಿರುತ್ತದೆ. ಎಂಜಿನ್ ತಿರುಗಿದಂತೆ, ಕಿಡಿ ಯಾವಾಗ ಹಾರಬೇಕೆಂಬ ಸಂಕೇತ ಹೊರಡುವುದು ಅದರಿಂದ. ಅದರೊಳಗಿನ ಕೂದಲೆಳೆಯಂಥ ತಾಮ್ರದ ತಂತಿಯಲ್ಲಿ ಎಲ್ಲೋ ಒಂದು ಬಿರುಕು. ತಣ್ಣಗಿದ್ದಾಗ ಎರಡು ತುದಿಗಳೂ ತಾಗಿಕೊಂಡಿರುತ್ತವೆ, ಮೀಟರ್ ಸರಿಯಾಗಿಯೇ ತೋರಿಸುತ್ತದೆ. ಎಂಜಿನ್ ಕಾದಂತೆ ಎಲ್ಲವೂ ಹಿಗ್ಗಿ ತುದಿಗಳು ಬೇರೆಯಾಗುತ್ತವೆ, ಸಂಕೇತವಿಲ್ಲ, ಕಿಡಿಯಿಲ್ಲ. ಆರಿದ ಮೇಲೆ ಮತ್ತೆ ಕೂಡಿಕೊಳ್ಳುತ್ತವೆ. ಕಾಯಿಲ್ ಬದಲಾಯಿಸಲು ಅವರಿಗೆ ಹಿಡಿದದ್ದು ಒಂದು ಗಂಟೆ.

ಅಲ್ಲಿಗೆ ಕತೆ ಮುಗಿಯಬೇಕಾಗಿತ್ತು. ಆನಂತರ ಮೂರು ತಿಂಗಳು ಗಾಡಿ ಒಮ್ಮೆಯೂ ನಿಲ್ಲಲಿಲ್ಲ. ಆದರೆ ನಾನು ಗಡಿಯಾರ ನೋಡುತ್ತಾ ಓಡಿಸುವುದೂ ನಿಲ್ಲಲಿಲ್ಲ. ಮೂವತ್ತೈದನೆಯ ನಿಮಿಷಕ್ಕೆ ಕಿವಿ ನಿಮಿರುತ್ತಿತ್ತು. ಸರಪಳಿಯ ಸದ್ದು ಹೊಸದಾಗಿ ಕೇಳಿಸುತ್ತಿತ್ತು. ನೆರಳಿರುವ ಮರಗಳನ್ನು ಮನಸ್ಸು ತನ್ನಷ್ಟಕ್ಕೆ ಎಣಿಸಿಟ್ಟುಕೊಳ್ಳುತ್ತಿತ್ತು.

ಒಂದು ರಾತ್ರಿ ಹತ್ತೂವರೆಗೆ ಅಕ್ಕನ ಫೋನು ಬಂತು. ನರಸೀಪುರದಾಚೆಯ ಹಳ್ಳಿಯಲ್ಲಿ ಅವಳೂ ಭಾವನೂ ಇಬ್ಬರೇ. ‘ನಿಮ್ಮ ಭಾವಂಗೆ ಎದೆ ಹಿಡ್ಕಂಡದೆ ಕಣಪ್ಪ, ಪಕ್ಕದ ಮನೆಯೋರು 108ಕ್ಕೆ ಫೋನ್ ಮಾಡವ್ರೆ. ನರಸೀಪುರದ ಆಸ್ಪತ್ರೆಗೆ ಬಂದ್ಬುಡು’ ಎಂದಳು. ಆ ಹೊತ್ತಿಗೆ ಬಸ್ಸಿಲ್ಲ. ಬೀಗದ ಕೈ ಹಿಡಿದು ಅಂಗಳಕ್ಕಿಳಿದೆ. ಮೂವತ್ತು ಚಿಲ್ಲರೆ ಕಿಲೋಮೀಟರ್, ಕಬ್ಬಿನ ಗದ್ದೆಗಳ ನಡುವೆ ಕತ್ತಲ ದಾರಿ. ಗಾಡಿಯ ಮೇಲೆ ಕುಳಿತೆ, ಚಾಲೂ ಮಾಡಿದೆ, ಅದು ಚೆನ್ನಾಗಿಯೇ ಗುನುಗುತ್ತಿತ್ತು. ಮತ್ತೆ ಆರಿಸಿ ಇಳಿದೆ. ಪರಿಚಯದ ಕಾರಿನವರನ್ನು ನಿದ್ದೆಯಿಂದ ಎಬ್ಬಿಸಿ, ಅವರು ಹೊರಟು ಬಂದು, ನಾನು ಆಸ್ಪತ್ರೆ ತಲುಪಿದಾಗ ಹನ್ನೆರಡೂವರೆ ದಾಟಿತ್ತು. ಭಾವ ಒಳಗಿದ್ದರು, ಅಪಾಯವಿಲ್ಲವೆಂದರು. ಅಕ್ಕ ಮಾತ್ರ ಹೊರಗಿನ ಬೆಂಚಿನ ಮೇಲೆ ಒಬ್ಬಳೇ, ಸೆರಗು ಹೊದ್ದು ಕುಳಿತಿದ್ದಳು. ‘ನಿನ್ನ ಹತ್ರ ಗಾಡಿ ಇತ್ತಲ್ಲಪ್ಪ?’ ಎಂದು ಕೇಳಿದಳು. ಅದರಲ್ಲಿ ಆಕ್ಷೇಪಣೆಯಿರಲಿಲ್ಲ, ಬರೀ ಪ್ರಶ್ನೆ. ಪಿಕಪ್ ಕಾಯಿಲಿನ ಸಂಗತಿಯನ್ನು ಆ ಹೊತ್ತಿನಲ್ಲಿ ಅವಳಿಗೆ ಹೇಗೆ ಹೇಳುವುದು?

ಮಾರಲು ನಿರ್ಧರಿಸಿದ್ದು ಅಂದೇ. ಕೊಳ್ಳಲು ಬಂದವನು ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸ ಮಾಡುವ ಯುವಕ. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿ, ಐದು ಚೀಟಿಗಳನ್ನೂ ಹಳೆಯ ಕಾಯಿಲನ್ನೂ ಮುಂದಿಟ್ಟೆ. ಅವನು ಕಾಯಿಲನ್ನು ಕೈಯಲ್ಲಿ ತಿರುಗಿಸಿ ನೋಡಿ, ‘ಬದಲಾಯಿಸಿದ್ದೀರಲ್ಲ ಸಾರ್, ಇನ್ನೇನು?’ ಎಂದ. ಬೀದಿಯಲ್ಲಿ ಒಂದು ಸುತ್ತು ಹೊಡೆದು ಸಾಕೆಂದವನಿಗೆ ನಾನೇ ಒತ್ತಾಯ ಮಾಡಿ, ಸುತ್ತೂರಿನವರೆಗೂ ಹೋಗಿ ಬಾ, ಮುಕ್ಕಾಲು ಗಂಟೆಯಾದರೂ ಓಡಿಸು ಎಂದು ಕಳುಹಿಸಿದೆ. ಅವನು ಹೊರಟ ಮೇಲೆ ಫೋನು ಹಿಡಿದು ಜಗುಲಿಯ ಮೇಲೆ ಕುಳಿತೆ. ಒಂದೂಕಾಲು ಗಂಟೆಯ ನಂತರ ಬೀದಿಯ ತುದಿಯಲ್ಲಿ ಗಾಡಿಯ ಸದ್ದು ಕೇಳಿಸಿತು. ದಾರಿಯಲ್ಲಿ ಟೀ ಕುಡಿಯಲು ನಿಂತಿದ್ದೆ ಸಾರ್ ಎಂದು ನಗುತ್ತಾ ಇಳಿದ.